ಜೆಲ್ಲೋ, ಅಸಿಟೋನೋ, ಟೇಪೋ: ಮುಂಬೈ ಮನೆಯಲ್ಲಿ ಚಿತ್ರ ಇಳಿಸಿ ನೋಡಿದ್ದು

ಪ್ರಿಂಟ್ ಮಾಡಿದ ಚಿತ್ರವನ್ನು ಹಲಗೆಗೋ ಕ್ಯಾನ್ವಾಸಿಗೋ ಇಳಿಸುವುದನ್ನು ತೋರಿಸುವ ವಿಡಿಯೋಗಳೆಲ್ಲ ಯಾವುದೋ ಒಣ ಊರಲ್ಲಿ ಮಾಡಿದವು ಅಂತ ನನಗೆ ಗುಮಾನಿ. ಅಂಟು ಹಚ್ಚುತ್ತಾರೆ, ರಾತ್ರಿ ಬಿಟ್ಟು ಮಲಗುತ್ತಾರೆ, ಬೆಳಗ್ಗೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಚಿತ್ರ ರೆಡಿ. ಮುಂಬೈಯಲ್ಲಿ ಜುಲೈ ತಿಂಗಳಲ್ಲಿ ಹೀಗೆ ಮಾಡಿ ನೋಡಿ! ಒಗೆದ ಬಟ್ಟೆಯೇ ಒಣಗುವುದಿಲ್ಲ, ಇನ್ನು ಕಾಗದದ ಅಡಿಯ ಅಂಟು ಒಣಗುತ್ತದಾ? ಹಾಗಾಗಿ ನಾನು ಮೊದಲು ಹವೆ ನೋಡುತ್ತೇನೆ, ಆಮೇಲೆ ವಿಧಾನ ಆರಿಸುತ್ತೇನೆ.

ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಮನೆ ಸಣ್ಣದು. ಡೈನಿಂಗ್ ಟೇಬಲ್ಲೇ ಸ್ಟುಡಿಯೋ. ಎಲ್ಲ ವಿಧಾನಗಳಿಗೂ ಒಂದೇ ಮಾದರಿಯ ಎ4 ಹಾಳೆ ಇಟ್ಟುಕೊಂಡೆ. ಅದರಲ್ಲಿ ಹಳೆಯ ಕನ್ನಡ ಮದುವೆ ಕರೆಯೋಲೆಯ ಅಕ್ಷರಗಳು, ಮಾಟುಂಗಾದ ಹೂವಿನ ಅಂಗಡಿ ಸಾಲಿನ ಫೋಟೋ, ಒಂದು ದಟ್ಟ ಕಪ್ಪು ಚೌಕ. ಕರೆಯೋಲೆ ಯಾಕೆಂದರೆ ಅದರ ಒತ್ತಕ್ಷರಗಳು ಬಲು ಸಣ್ಣವು. ದೊಡ್ಡ ಅಕ್ಷರ ಯಾವ ವಿಧಾನದಲ್ಲೂ ಬರುತ್ತದೆ. ‘ಲಗ್ನಪತ್ರಿಕೆ’ಯ ಅಡಿಯಲ್ಲಿರುವ ನ ಒತ್ತು ಉಳಿಯುತ್ತದಾ ಅನ್ನುವುದೇ ನಿಜವಾದ ಪರೀಕ್ಷೆ.

ಪ್ರಿಂಟ್ ಲೇಸರಿನದೇ ಆಗಿರಬೇಕು. ಲೇಸರ್ ಮತ್ತು ಝೆರಾಕ್ಸ್ ಮೆಷಿನ್ನಿನ ಟೋನರ್ ಅಂದರೆ ನುಣ್ಣನೆಯ ಪ್ಲಾಸ್ಟಿಕ್ ಪುಡಿ. ಮೆಷಿನ್ನಿನ ಬಿಸಿಗೆ ಕರಗಿ ಕಾಗದದ ಮೇಲೆ ಕೂತಿರುತ್ತದೆ, ನೀರಿಗೆ ಜಗ್ಗುವುದಿಲ್ಲ. ಇಂಕ್‌ಜೆಟ್ ಶಾಯಿ ಕಾಗದದೊಳಗೆ ಇಳಿದಿರುತ್ತದೆ, ನೀರು ತಾಗಿದರೆ ಹೆಚ್ಚಾಗಿ ಹರಡುತ್ತದೆ. ಅಂಗಡಿಯವರ ಮೆಷಿನ್ ಯಾವುದು ಅಂತ ಗೊತ್ತಾಗದಿದ್ದರೆ ಒದ್ದೆ ಬೆರಳಲ್ಲಿ ಬಣ್ಣದ ಭಾಗ ಉಜ್ಜಿ ನೋಡಿ. ಕೊಡುವಾಗಲೇ ‘ಮಿರರ್ ಪ್ರಿಂಟ್’ ಅಂತ ಹೇಳಬೇಕು, ಇಲ್ಲದಿದ್ದರೆ ಅಕ್ಷರ ಉಲ್ಟಾ. ಇನ್ನೊಂದು ಮಾತು: ಮಾಮೂಲಿ ಟೋನರಿನಲ್ಲಿ ಬಿಳಿ ಬಣ್ಣ ಇಲ್ಲ. ಚಿತ್ರದಲ್ಲಿ ಬಿಳಿ ಇದ್ದಲ್ಲೆಲ್ಲ ಅಡಿಯ ಬಣ್ಣ ಕಾಣುತ್ತದೆ. ಕಡು ನೀಲಿ ಬಳಿದ ಹಲಗೆಗೆ ಮಲ್ಲಿಗೆ ದಂಡೆಯ ಫೋಟೋ ಇಳಿಸಿದರೆ ಮಲ್ಲಿಗೆಯೂ ನೀಲಿಯೇ.

ಈಗ ಜೆಲ್ ಮೀಡಿಯಂ. ನನ್ನ ಮಟ್ಟಿಗೆ ಇದೇ ರಾಜ, ಆದರೆ ನವೆಂಬರಿನಿಂದ ಮೇ ತನಕ ಮಾತ್ರ. ಇದು ಬಣ್ಣವಿಲ್ಲದ ಅಕ್ರಿಲಿಕ್ ಪೇಂಟ್ ಅಂದುಕೊಳ್ಳಿ. ಹಲಗೆಗೆ ಸಮವಾಗಿ ಹಚ್ಚಿ, ಪ್ರಿಂಟನ್ನು ಬೋರಲಾಗಿ ಇಟ್ಟು, ಹಳೆಯ ಎಟಿಎಂ ಕಾರ್ಡಿನಿಂದ ನಡುವಿನಿಂದ ಅಂಚಿನ ಕಡೆಗೆ ಗಾಳಿಗುಳ್ಳೆ ತಳ್ಳಬೇಕು. ಪೂರ್ತಿ ಒಣಗಿದ ಮೇಲೆ ಸ್ಪಂಜಿನಿಂದ ಒದ್ದೆ ಮಾಡಿ ಬೆರಳಲ್ಲೇ ಉಜ್ಜಬೇಕು. ಎಣ್ಣೆಸ್ನಾನದಲ್ಲಿ ಮೈಯ ಕೊಳೆ ಬರುವ ಹಾಗೆ ಕಾಗದ ಸುರುಳಿ ಸುರುಳಿಯಾಗಿ ಏಳುತ್ತದೆ. ಆಹಾ, ಎಷ್ಟು ಚೊಕ್ಕ ಬಂತು ಅನಿಸುತ್ತದೆ. ಹತ್ತು ನಿಮಿಷ ಬಿಟ್ಟು ಬನ್ನಿ, ಒಣಗಿದ ಚಿತ್ರದ ಮೇಲೆ ಮತ್ತೆ ಬಿಳಿ ಮಂಜು. ಉಳಿದ ಕಾಗದದ ನಾರು ಅದು. ಒದ್ದೆ ಇರುವಾಗ ನಾರಿನ ಸಂದಿಯಲ್ಲಿ ನೀರು ತುಂಬಿರುವುದರಿಂದ ಕಾಣುವುದಿಲ್ಲ, ನೀರು ಹೋಗಿ ಗಾಳಿ ತುಂಬಿದಾಗ ಬೆಳ್ಳಗಾಗುತ್ತದೆ. ಇನ್ನೆರಡು ಸುತ್ತು ಉಜ್ಜಿ, ಕೊನೆಗೆ ಮೇಲೊಂದು ತೆಳು ಪದರ ಮೀಡಿಯಂ ಎಳೆದರೆ ಉಳಿದ ಮಂಜು ಮಾಯ. ಅದಕ್ಕಿಂತ ಜಾಸ್ತಿ ಉಜ್ಜಲು ಹೋದರೆ ಒತ್ತಕ್ಷರ ಕೈಗೆ ಬರುತ್ತದೆ. ನನ್ನ ಹಲಗೆಯಲ್ಲಿ ನ ಒತ್ತು ಉಳಿಯಿತು, ಮೂಲೆಯ ಬಳ್ಳಿ ವಿನ್ಯಾಸ ಅಲ್ಲಲ್ಲಿ ಹರಿಯಿತು. ಆ ಹರುಕು ನನಗೆ ಇಷ್ಟ.

ಮಳೆಗಾಲದ ತೊಂದರೆ ಏನೆಂದರೆ ಒಣಗಿದೆಯಾ ಇಲ್ಲವಾ ಅಂತ ಕಾಗದದ ಮೇಲಿಂದ ತಿಳಿಯುವುದಿಲ್ಲ. ಹಸಿ ಜೆಲ್ ಹಾಲಿನ ಬಣ್ಣ, ಒಣಗಿದ್ದು ಗಾಜಿನಂತೆ ಪಾರದರ್ಶಕ. ಅದಕ್ಕೇ ಹಲಗೆಯ ಅಂಚಿನಲ್ಲಿ ಅಷ್ಟೇ ದಪ್ಪಕ್ಕೆ ಒಂದು ಬೊಟ್ಟು ಹಚ್ಚಿ ಅದರ ಮೇಲೂ ಒಂದು ಚೂರು ಖಾಲಿ ಕಾಗದ ಅಂಟಿಸುತ್ತೇನೆ. ಅದನ್ನು ಎತ್ತಿ ನೋಡಿದಾಗ ಜೆಲ್ ಇನ್ನೂ ಹಾಲಿನಂತೆ ಕಂಡರೆ ಕಾಯುವುದು. ಏಸಿ ಇದ್ದವರು ಡ್ರೈ ಮೋಡಿನಲ್ಲಿ ಇಡಬಹುದು. ಹೇರ್ ಡ್ರೈಯರ್ ಬೇಡ, ಅಂಚು ಮಾತ್ರ ಒಣಗುತ್ತದೆ, ನಡುವೆ ಗುಳ್ಳೆ ಏಳುತ್ತದೆ.

ಇದೇ ಜೆಲ್ಲನ್ನು ಪ್ರಿಂಟಿನ ಮುಖದ ಮೇಲೆಯೇ ಪದರ ಪದರವಾಗಿ ಹಚ್ಚಿ, ಒಣಗಿಸಿ, ಹಿಂದಿನ ಕಾಗದವನ್ನು ನೆನೆಸಿ ತೆಗೆದರೆ ಬಳುಕುವ ಹಾಳೆಯೇ ಸಿಗುತ್ತದೆ. ಮಡಕೆಯಂಥ ಉಬ್ಬು ಮೈಗೂ ಅಂಟಿಸಬಹುದು. ಜೆಲ್ ಮೇಲ್ಮುಖವಾಗಿಯೇ ಉಳಿಯುವುದರಿಂದ ಇದಕ್ಕೆ ಮಿರರ್ ಪ್ರಿಂಟ್ ಬೇಡ. ಆದರೆ ಜೆಲ್ ಜಾಸ್ತಿ ಹಿಡಿಯುತ್ತದೆ, ಜೆಲ್ ಅಗ್ಗವಲ್ಲ.

ಅಗ್ಗ ಅಂತ ಬಡಗಿಗಳ ಬಿಳಿ ಅಂಟನ್ನೇ ಬಳಸಬಹುದಾ? ಬೇಡ. ಒಣಗಿದ ಅಕ್ರಿಲಿಕ್ ನೀರಿಗೆ ಕರಗುವುದಿಲ್ಲ. ಮಾಮೂಲಿ ಬಿಳಿ ಅಂಟು ನೀರು ತಾಗಿದರೆ ಮತ್ತೆ ಮೆತ್ತಗಾಗುತ್ತದೆ. ಕಾಗದ ಉಜ್ಜುವಾಗ ಚಿತ್ರವೂ ಜೊತೆಗೇ ಜಾರುತ್ತದೆ.

ನೇಲ್ ಪಾಲಿಶ್ ತೆಗೆಯಲು ಬಳಸುವ ದ್ರಾವಕ ಅಸಿಟೋನಿನ ದಾರಿಯೇ ಬೇರೆ. ಒಣಗಿಸುವ ಮಾತೇ ಇಲ್ಲ. ಪ್ರಿಂಟನ್ನು ದಪ್ಪ ಕಾಗದದ ಮೇಲೆ ಬೋರಲಿಟ್ಟು, ಹತ್ತಿಯಲ್ಲಿ ಅಸಿಟೋನ್ ಅದ್ದಿ ಹಿಂಬದಿ ಒತ್ತಿ, ಕೂಡಲೇ ಚಮಚದ ಬೆನ್ನಿನಿಂದ ಗಟ್ಟಿಯಾಗಿ ತಿಕ್ಕಬೇಕು. ಟೋನರಿನ ಪ್ಲಾಸ್ಟಿಕ್ ಮೆತ್ತಗಾಗಿ ಕೆಳಗಿನ ಕಾಗದಕ್ಕೆ ಹತ್ತುತ್ತದೆ. ಅಮೆರಿಕದ ಕಲಾವಿದ ರಾಬರ್ಟ್ ರೌಶೆನ್‌ಬರ್ಗ್ 1950ರ ದಶಕದಲ್ಲೇ ಪತ್ರಿಕೆಯ ಚಿತ್ರಗಳನ್ನು ದ್ರಾವಕದಲ್ಲಿ ನೆನೆಸಿ, ಹಿಂದಿನಿಂದ ಗೀಚಿ ಗೀಚಿ ಕಾಗದಕ್ಕೆ ಇಳಿಸುತ್ತಿದ್ದರು. ಅವರ ಆ ಚಿತ್ರಗಳಲ್ಲಿ ಗೀಚಿದ ಗೆರೆ ಎದ್ದು ಕಾಣುತ್ತದೆ. ಚಮಚದ ಗೆರೆ ನಿಮ್ಮದರಲ್ಲೂ ಕಾಣುತ್ತದೆ, ಅದನ್ನೇ ಚಿತ್ರದ ಭಾಗ ಮಾಡಿಕೊಳ್ಳಬೇಕು.

ನುಣುಪು ಕಾಗದದ ಮೇಲೆ ಅಕ್ಷರ ಚೂಪಾಗಿ ಬಂತು, ಕೆಲವು ಕಡೆ ಜೆಲ್ಲಿಗಿಂತ ಚೆನ್ನಾಗಿ. ಕಪ್ಪು ಚೌಕ ಮಾತ್ರ ಬೂದಿ ಬಣ್ಣಕ್ಕೆ ಇಳಿಯಿತು. ಒರಟು ಕ್ಯಾನ್ವಾಸಿನಲ್ಲಿ ಏನೂ ಕೂರಲಿಲ್ಲ. ಮೊದಲೇ ಅಕ್ರಿಲಿಕ್ ಬಳಿದ ಜಾಗದಲ್ಲಿ ಇದನ್ನು ಮಾಡಲೇಬೇಡಿ, ಅಸಿಟೋನ್ ಆ ಬಣ್ಣವನ್ನೂ ಕರಗಿಸುತ್ತದೆ. ಒಂದೇ ಕೃತಿಯಲ್ಲಿ ಹಲವು ಮಾಧ್ಯಮ ಬೆರೆಸುವ ಮಿಕ್ಸ್ಡ್ ಮೀಡಿಯಾದಲ್ಲಿ ಇದೇ ದೊಡ್ಡ ತೊಡಕು. ಮೊದಲು ಚಿತ್ರ ಇಳಿಸುವುದು, ಆಮೇಲೆ ಬಣ್ಣ ಅನ್ನುವ ಕ್ರಮ ಬದಲಿಸುವ ಹಾಗಿಲ್ಲ. ಆಮೇಲೆ ವಾಸನೆ. ಮಳೆಗೆ ಕಿಟಕಿ ಮುಚ್ಚಿದ ಮನೆಯಲ್ಲಿ ಮಾಡುತ್ತಿದ್ದಾಗ ಪಕ್ಕದ ಮನೆಯ ಅಕ್ಕ ಬಾಗಿಲಲ್ಲೇ ನಿಂತು, “ಇದೆಂತದು ಮಾರಾಯ್ತಿ, ತಲೆ ತಿರುಗ್ತದೆ” ಅಂದರು. ಅವರು ಹೇಳಿದ್ದು ಸರಿ. ಅಸಿಟೋನಿನ ಆವಿಗೆ ಬೇಗ ಬೆಂಕಿ ಹತ್ತುತ್ತದೆ ಕೂಡ. ಗ್ಯಾಸ್ ಒಲೆ, ದೇವರ ದೀಪ ಎರಡೂ ಆರಿರಬೇಕು. ಕಿಟಕಿ ತೆರೆದಿರಬೇಕು.

ಹಾಗಾದರೆ ಮಳೆಗಾಲಕ್ಕೆ? ಪ್ಯಾಕಿಂಗ್ ಟೇಪ್. ಪಾರದರ್ಶಕ ಅಗಲ ಟೇಪನ್ನು ಪ್ರಿಂಟಿನ ಮುಖಕ್ಕೆ ಅಂಟಿಸಿ, ಚೆನ್ನಾಗಿ ತಿಕ್ಕಿ, ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ ಹಿಂದಿನ ಕಾಗದ ಉಜ್ಜಿ ತೆಗೆದರೆ ಮುಗಿಯಿತು. ಮಿರರ್ ಬೇಕಿಲ್ಲ. ಒತ್ತಕ್ಷರದ ಪರೀಕ್ಷೆಯಲ್ಲಿ ಇದಕ್ಕೇ ಮೊದಲ ಸ್ಥಾನ, ಬಳ್ಳಿಯ ಒಂದೆಳೆಯೂ ಹೋಗಲಿಲ್ಲ. ಮ್ಯಾಗಝೀನ್ ಪುಟದ ಮೇಲೂ ನಡೆಯುತ್ತದೆ. ಆದರೆ ಹೊಳಪು ಮಾತ್ರ ಕಣ್ಣಿಗೆ ಹೊಡೆಯುತ್ತದೆ, ಮೇಲೆ ಮ್ಯಾಟ್ ಮೀಡಿಯಂ ಹಚ್ಚಿದರೂ ಟೇಪಿನ ಅಂಚು ಅಡಗುವುದಿಲ್ಲ. ವರ್ಷಗಳು ಹೋದಂತೆ ಅಂಟು ಹಳದಿಯಾಗುತ್ತದೆ. ಡೈರಿಗೆ, ಸ್ಕೆಚ್‌ಬುಕ್ಕಿಗೆ ಸರಿ. ಮಾರುವ ಕೃತಿಗೆ ನಾನು ಬಳಸುವುದಿಲ್ಲ.

ಟೇಪಿನಲ್ಲಿ ಮೂಲ ಕಾಗದ ಪೂರ್ತಿ ನಾಶ, ಇದನ್ನು ಮರೆಯಬಾರದು. ಚೋರ್ ಬಜಾರಿನಲ್ಲಿ ಸಿಕ್ಕ ಹಳೆಯ ದೇವರ ಪಟ ಕೈಗೆ ಬಂದರೆ ಆಸೆಯಾಗುತ್ತದೆ ಅಲ್ವಾ. ರಾಜಾ ರವಿವರ್ಮರ ಪ್ರೆಸ್ 1894ರಲ್ಲಿ ಶುರುವಾಗಿದ್ದು ಇದೇ ಮುಂಬೈನಲ್ಲಿ. ಅಲ್ಲಿ ಅಚ್ಚಾದ ಪಟಗಳಿಗೆ ಜನ ಜರಿ, ಮಣಿ ಅಂಟಿಸಿ ಸೀರೆ ಉಡಿಸುತ್ತಿದ್ದರು. ಅಂಥದ್ದು ಸಿಕ್ಕರೆ ಕಲರ್ ಝೆರಾಕ್ಸ್ ಮಾಡಿಸಿ, ಝೆರಾಕ್ಸನ್ನು ನೆನೆಸಿ. ಮೂಲವನ್ನು ಮುಟ್ಟಬೇಡಿ.

ಇಸ್ತ್ರಿಪೆಟ್ಟಿಗೆಯ ಬಗ್ಗೆ ಹೇಳುವುದು ಕಡಿಮೆ. ಲೇಸರ್ ಪ್ರಿಂಟನ್ನು ಮರದ ಮೇಲೆ ಬೋರಲಿಟ್ಟು ಬಿಸಿ ಒತ್ತಿದರೆ ಮಸುಕಾದ ನೆರಳು ಬರುತ್ತದೆ, ಅಷ್ಟೇ. ಮನೆಯಲ್ಲಿ ಇಂಕ್‌ಜೆಟ್ ಮಾತ್ರ ಇದೆಯಾ? ಸ್ಟಿಕರ್ ಎಲ್ಲ ಕಿತ್ತ ಮೇಲೆ ಉಳಿಯುವ ಹಾಳೆಯ ನುಣುಪು ಮೈ ಮೇಲೆ ಮಿರರ್ ಪ್ರಿಂಟ್ ತೆಗೆಯಿರಿ. ಶಾಯಿ ಅದರೊಳಗೆ ಇಳಿಯದೆ ಹಸಿಯಾಗಿಯೇ ನಿಂತಿರುತ್ತದೆ. ಅಲುಗಿಸದೆ ಮರಕ್ಕೆ ಒತ್ತಿದರೆ ತಕ್ಷಣ ಇಳಿಯುತ್ತದೆ. ಒತ್ತಕ್ಷರ ಬೆರೆತು ಚುಕ್ಕೆಯಾಗುತ್ತದೆ, ಫೋಟೋ ಮಾತ್ರ ಜಲವರ್ಣದಂತೆ ಮೆತ್ತಗೆ ಬರುತ್ತದೆ. ಆ ಹಾಳೆಯನ್ನು ಮಾತ್ರ ಝೆರಾಕ್ಸ್ ಅಂಗಡಿಗೆ ಒಯ್ಯಬೇಡಿ. ಲೇಸರ್ ಮೆಷಿನ್ನಿನ ಬಿಸಿಗೆ ಅದು ಒಳಗೇ ಅಂಟಿಕೊಂಡರೆ ರಿಪೇರಿ ಖರ್ಚು ನಿಮ್ಮ ತಲೆಗೇ.