ಟಾಂಜಾನಿಯಾಕ್ಕೆ ಕೆಲಸಕ್ಕೆ ಹೊರಟಿದ್ದೀರಾ? ಪರ್ಮಿಟ್ ನೋಡದೆ ವಿಮಾನ ಹತ್ತಬೇಡಿ

ದಾರ್ ಎಸ್ ಸಲಾಮ್‌ನ ವ್ಯಾಪಾರಿ ಕಂಪನಿಗಳು ನಮ್ಮ ಕಡೆಯ ಹುಡುಗರನ್ನು ಅಕೌಂಟ್ಸ್, ಸ್ಟೋರ್, ಸೇಲ್ಸ್ ಕೆಲಸಕ್ಕೆ ಕರೆಸಿಕೊಳ್ಳುವುದು ಹೊಸದೇನಲ್ಲ. ಬಿ.ಕಾಂ ಆಗಿ ಟ್ಯಾಲಿ ಬಂದರೆ ಸಾಕು, ರೂಮು, ಊಟ, ಊರಿಗೆ ಬಂದು ಹೋಗಲು ಟಿಕೆಟ್, ಡಾಲರ್ ಲೆಕ್ಕದಲ್ಲಿ ಸಂಬಳ ಅಂತ ಹೇಳುತ್ತಾರೆ. ಹೇಳಿದಂತೆ ನಡೆದುಕೊಳ್ಳುವ ಕಂಪನಿಗಳೂ ಇವೆ. ನಾನು ಸೇರಿದ್ದು ಅಂಥದ್ದಲ್ಲ. ಹೆಸರು ಹಾಕುವುದಿಲ್ಲ. ಆದರೆ ಅವರು ಜನರನ್ನು ಹೇಗೆ ಸಿಕ್ಕಿಸುತ್ತಾರೆ ಅನ್ನುವುದನ್ನು ಬರೆಯಲೇಬೇಕು, ಯಾಕಂದರೆ ಅವರು ಈಗಲೂ ಹೊಸಬರನ್ನು ಹುಡುಕುತ್ತಿದ್ದಾರೆ.

ಶುರುವಾಗುವುದು ವೀಸಾದಿಂದ. "50 ಡಾಲರಿನ ಇ-ವೀಸಾ ಮಾಡಿಸಿಕೊಂಡು ಬನ್ನಿ, ಪರ್ಮಿಟ್ ಇಲ್ಲಿ ನಾವು ನೋಡಿಕೊಳ್ಳುತ್ತೇವೆ, ಎಲ್ಲರೂ ಹೀಗೇ ಬರೋದು" ಅಂತ ಆಫೀಸಿನವರು ಹೇಳಿದರು. ಅದು ಸುತ್ತಾಡಲು ಬರುವವರ ವೀಸಾ. ಅದರ ಮೇಲೆ ಒಂದು ದಿನ ಕೆಲಸ ಮಾಡಿದರೂ ಕಾನೂನಿನ ಪ್ರಕಾರ ತಪ್ಪು. ಟಾಂಜಾನಿಯಾದಲ್ಲಿ ನೌಕರಿ ಮಾಡಲು ಎರಡು ಬೇರೆ ಬೇರೆ ಕಾಗದ ಬೇಕು. ಕಾರ್ಮಿಕ ಇಲಾಖೆ ಕೊಡುವ ವರ್ಕ್ ಪರ್ಮಿಟ್ ಒಂದು, ಇಮಿಗ್ರೇಷನ್ ಕೊಡುವ ರೆಸಿಡೆನ್ಸ್ ಪರ್ಮಿಟ್ ಇನ್ನೊಂದು. ನೌಕರರಿಗೆ ಈ ಎರಡನೆಯದು ಕ್ಲಾಸ್ ಬಿ. ಒಂದಿದ್ದು ಇನ್ನೊಂದು ಇಲ್ಲದಿದ್ದರೆ ಪ್ರಯೋಜನ ಇಲ್ಲ. ವಿದೇಶಿಯರ ಕೆಲಸಕ್ಕೆಂದೇ 2015ರಲ್ಲಿ ಮಾಡಿದ ಕಾನೂನಿನಲ್ಲಿ, ಮುಂದೆ ಆ ಕೆಲಸವನ್ನು ಸ್ಥಳೀಯರಿಗೆ ಹೇಗೆ ಕಲಿಸಿ ಒಪ್ಪಿಸುತ್ತೀರಿ ಅಂತ ಕಂಪನಿ ಬರೆದುಕೊಡಬೇಕು. ಖರ್ಚೂ ಇದೆ, ಓಡಾಟವೂ ಇದೆ. ಅದಕ್ಕೇ ಕೆಲವರು ಅರ್ಜಿಯನ್ನೇ ಹಾಕದೆ "ಪ್ರೊಸೆಸ್‌ನಲ್ಲಿದೆ" ಅಂತ ತಿಂಗಳುಗಟ್ಟಲೆ ತಳ್ಳುತ್ತಾರೆ.

ಏರ್‌ಪೋರ್ಟಿನಿಂದ ಕರೆದುಕೊಂಡು ಹೋದ ದಿನವೇ ಪರ್ಮಿಟ್‌ಗೆ ಬೇಕು ಅಂತ ಪಾಸ್‌ಪೋರ್ಟ್ ತೆಗೆದುಕೊಂಡರು. ಮತ್ತೆ ಕೊಡಲಿಲ್ಲ. ಕೇಳಿದಾಗಲೆಲ್ಲ ಇಮಿಗ್ರೇಷನ್‌ನಲ್ಲಿದೆ ಅನ್ನುವ ಉತ್ತರ. ಅಷ್ಟರಲ್ಲಿ 90 ದಿನದ ವೀಸಾ ಮುಗಿದಿತ್ತು.

ಕೈಯಲ್ಲಿ ಪಾಸ್‌ಪೋರ್ಟ್ ಇಲ್ಲದೆ ಆ ಊರಲ್ಲಿ ಬದುಕುವುದು ಎಷ್ಟು ಕಷ್ಟ ಅಂತ ಇಲ್ಲಿ ಕೂತು ಅಂದಾಜು ಮಾಡೋಕಾಗಲ್ಲ. ಸಿಮ್ ನಿಮ್ಮ ಹೆಸರಿಗೆ ಆಗಬೇಕಾದರೆ ಪಾಸ್‌ಪೋರ್ಟ್ ಜೊತೆ ಬೆರಳಚ್ಚು ಬೇಕು. ಸಿಮ್ ಇಲ್ಲ ಅಂದರೆ ಎಂ-ಪೆಸಾ, ಅಂದರೆ ಫೋನಿನಲ್ಲೇ ಹಣ ಕಳಿಸುವ ವ್ಯವಸ್ಥೆ, ಇಲ್ಲ. ಎಂ-ಪೆಸಾ ಇಲ್ಲದೆ ಅಲ್ಲಿ ತರಕಾರಿ ಅಂಗಡಿಯಿಂದ ಹಿಡಿದು ಲುಕು ಅನ್ನುವ ಪ್ರೀಪೇಯ್ಡ್ ಮೀಟರಿಗೆ ಕರೆಂಟ್ ಟೋಕನ್ ಹಾಕಿಸುವವರೆಗೆ ಎಲ್ಲದಕ್ಕೂ ಇನ್ನೊಬ್ಬರ ಫೋನ್ ಬೇಡಬೇಕು. ರಾತ್ರಿ ಟೋಕನ್ ಮುಗಿದರೆ ಆ ಸೆಕೆಯಲ್ಲಿ ಫ್ಯಾನೂ ಇಲ್ಲದೆ ಬೆಳಗಾಗುವವರೆಗೆ ಕಾಯುವುದೇ. ಬ್ಯಾಂಕ್ ಖಾತೆಯೂ ಇಲ್ಲ, ಹಾಗಾಗಿ ಸಂಬಳ ಕೈಗೆ, ಅದೂ ಡಾಲರಿಗೆ ಕಂಪನಿಯೇ ಹಾಕಿದ ರೇಟಿನಲ್ಲಿ ಅಲ್ಲಿನ ಹಣವಾದ ಶಿಲ್ಲಿಂಗ್. ಬ್ಯಾಂಕಿನ ರೇಟು ಅದಕ್ಕಿಂತ ಜಾಸ್ತಿ ಇರುತ್ತಿತ್ತು. ಭಾನುವಾರ ಉಪಾಂಗ ಅನ್ನುವ ಏರಿಯಾದಲ್ಲಿದ್ದ ರೂಮಿನಿಂದ ಪಕ್ಕದ ಕಿಸುಟು ಕಡೆ ದೇವಸ್ಥಾನಕ್ಕೆ ಹೋಗಲೂ ಮ್ಯಾನೇಜರ್ ಬೇಡ ಅನ್ನುತ್ತಿದ್ದರು, ದಾರಿಯಲ್ಲಿ ಯಾರಾದರೂ ಪೇಪರ್ ಕೇಳಿದರೆ ಅಂತ. ಅಂದರೆ ಅವರಿಗೆ ಎಲ್ಲ ಗೊತ್ತಿತ್ತು, ಅಲ್ವಾ?

ಕೊನೆಗೊಂದು ದಿನ ಕರಿಯಾಕೂ ಮಾರ್ಕೆಟ್ ಹತ್ತಿರದ ನಮ್ಮ ಗೋಡೌನಿಗೆ ಇಮಿಗ್ರೇಷನ್‌ನವರು ಬಂದರು. ಮ್ಯಾನೇಜರ್ ಹಿಂದಿನ ಬಾಗಿಲಿನಿಂದ ಹೋಗಿಬಿಟ್ಟರು, ಫೋನೂ ಎತ್ತಲಿಲ್ಲ. ಅಧಿಕಾರಿಗಳು ಕೂಗಾಡಲಿಲ್ಲ, ಕೈ ಮಾಡಲಿಲ್ಲ, ಪಾಸ್‌ಪೋರ್ಟ್ ಮತ್ತು ಪರ್ಮಿಟ್ ಕೇಳಿದರು ಅಷ್ಟೇ. ಎರಡೂ ಇಲ್ಲ. ಆಫೀಸಿಗೆ ಕರೆದುಕೊಂಡು ಹೋಗಿ ಕೂರಿಸಿದರು. ನನ್ನ ಜೊತೆ ಸ್ಟಾಕ್ ನೋಡಿಕೊಳ್ಳುತ್ತಿದ್ದ ಅಲ್ಲಿಯವರೇ ಒಬ್ಬರು, ನನಗಿಂತ ಕಡಿಮೆ ಸಂಬಳದವರು, ಹಿಂದೆಯೇ ಬಂದು ನೀರು, ಚಪಾತಿ ಕೊಟ್ಟು, ಊರಿಗೆ ಕರೆ ಮಾಡಲು ತಮ್ಮ ಫೋನ್ ಕೊಟ್ಟರು. ಆ ಉಪಕಾರ ಮರೆಯುವುದಿಲ್ಲ. ಕತ್ತಲಾದ ಮೇಲೆ ಕಂಪನಿಯವರು ಪಾಸ್‌ಪೋರ್ಟ್ ತಂದರು. ಅದು ಇಷ್ಟೂ ದಿನ ಅವರ ಲಾಕರ್‌ನಲ್ಲೇ ಇತ್ತು! ಪರ್ಮಿಟ್‌ಗೆ ಅರ್ಜಿಯೇ ಹೋಗಿರಲಿಲ್ಲ. ಆಮೇಲೆ ಕಟ್ಟಿದ ದಂಡವನ್ನು ನನ್ನ ಸಂಬಳದಲ್ಲಿ ಹಿಡಿದು, ನಾನೇ ಕೆಲಸ ಬಿಡುತ್ತಿದ್ದೇನೆ ಅಂತ ಬರೆಸಿಕೊಂಡು, ವಾಪಸ್ ಕಳಿಸಿದರು. ಬಾಕಿ ಸಂಬಳ ಇವತ್ತಿಗೂ ಬಂದಿಲ್ಲ.

ಆಫರ್ ಬಂದವರು ದಯವಿಟ್ಟು ಗಟ್ಟಿಯಾಗಿ ಕೇಳಿ: ಎರಡೂ ಪರ್ಮಿಟ್‌ಗಳ ಪ್ರತಿ ಮೇಲ್‌ನಲ್ಲಿ ಕಳಿಸಿ, ಆಮೇಲೆ ಟಿಕೆಟ್ ಮಾಡಿ ಅಂತ. ಕೊಡದಿದ್ದರೆ ಬಿಟ್ಟುಬಿಡಿ, ಎಷ್ಟೇ ಒಳ್ಳೆ ಸಂಬಳ ಇರಲಿ. ಏಜೆಂಟ್ ಮೂಲಕ ಹೋಗುವುದಾದರೆ ಅವರ ನೋಂದಣಿ ಇದೆಯಾ ಅಂತ ಭಾರತ ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ನೋಡಿ. ನೋಂದಾಯಿತ ಏಜೆಂಟ್ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಜಾಸ್ತಿ ತೆಗೆದುಕೊಳ್ಳುವಂತಿಲ್ಲ. ಇನ್ನೊಂದು ವಿಷಯ. ಗಲ್ಫ್‌ಗೆ ಹೋಗುವಾಗ ಇಸಿಆರ್ (ಹೊರಡುವ ಮೊದಲು ಸರ್ಕಾರದ ತಪಾಸಣೆ ಬೇಕು ಅನ್ನುವ) ಪಾಸ್‌ಪೋರ್ಟ್‌ನವರಿಗೆ ಸರ್ಕಾರದ ಎಮಿಗ್ರೇಷನ್ ಕ್ಲಿಯರೆನ್ಸ್ ಬೇಕು, ಅಲ್ಲಿ ಕೆಲಸದ ಕಾಗದ ನೋಡುತ್ತಾರೆ. ಆ ದೇಶಗಳ ಪಟ್ಟಿಯಲ್ಲಿ ಟಾಂಜಾನಿಯಾ ಇಲ್ಲ. ಆದ್ದರಿಂದ ನಿಮ್ಮ ಕಾಗದ ಸರಿ ಇದೆಯಾ ಅಂತ ಹೊರಡುವ ಮೊದಲು ನೋಡುವವರು ನೀವೊಬ್ಬರೇ.

ಪಾಸ್‌ಪೋರ್ಟ್ ಕೊಡದೆ ಇಟ್ಟುಕೊಂಡರೆ ಹೆದರಬೇಡಿ. 1967ರ ಪಾಸ್‌ಪೋರ್ಟ್ ಕಾಯ್ದೆ ಪ್ರಕಾರ ಅದು ಭಾರತ ಸರ್ಕಾರದ ಆಸ್ತಿ, ಯಾವ ಕಂಪನಿಯದ್ದೂ ಅಲ್ಲ. ಈಗಾಗಲೇ ಅಲ್ಲಿ ಸಿಕ್ಕಿಹಾಕಿಕೊಂಡವರು ದಾರ್‌ನಲ್ಲಿರುವ ಭಾರತದ ಹೈಕಮಿಷನ್‌ಗೆ ಹೋಗಿ, ಹೋಗಲಾಗದಿದ್ದರೆ ವಿದೇಶಾಂಗ ಸಚಿವಾಲಯದ ಮದದ್ ಅನ್ನುವ ದೂರು ಪೋರ್ಟಲ್‌ನಲ್ಲಿ ದೂರು ಹಾಕಿ. ಮನೆಯವರೂ ಊರಿನಿಂದಲೇ ನಿಮ್ಮ ಪರವಾಗಿ ಹಾಕಬಹುದು. ಅದಕ್ಕೆ ಪಾಸ್‌ಪೋರ್ಟ್, ವೀಸಾ, ಆಫರ್ ಲೆಟರ್ ಮೂರರ ಫೋಟೋ ಹೊರಡುವ ಮೊದಲೇ ಮನೆಯವರ ಫೋನಿನಲ್ಲಿ ಹಾಕಿಡಿ. ನನ್ನ ಅಣ್ಣ ದೂರು ಹಾಕಲು ಕೂತಾಗ ಪಾಸ್‌ಪೋರ್ಟ್ ನಂಬರ್ ಹುಡುಕುವುದರಲ್ಲೇ ಅರ್ಧ ದಿನ ಹೋಯಿತು.