ಏಳು ವರ್ಷ ಕೇಳಿದ ಮೇಲೆ: ಎರಿಕ್ ಕೋಟ್ಸ್ ಸಂಗೀತದ ಜೋಡಿ ಸಿಡಿ

ಇಂಗ್ಲೆಂಡಿಗೆ ಬಂದ ಮೊದಲ ಚಳಿಗಾಲದಲ್ಲಿ ಈ ಜೋಡಿ ಸಿಡಿಯನ್ನು ಕೊಂಡೆ. ಇಂಗ್ಲಿಷ್ ಸಂಗೀತ ರಚನಕಾರ ಎರಿಕ್ ಕೋಟ್ಸ್ (1886–1957) ತಮ್ಮ ರಚನೆಗಳನ್ನು ತಾವೇ ನಿರ್ದೇಶಿಸಿದ ಹಳೆಯ ಧ್ವನಿಮುದ್ರಣಗಳು ಇದರಲ್ಲಿವೆ. ಇಲ್ಲಿಯವರು ಇದನ್ನು ಲೈಟ್ ಮ್ಯೂಸಿಕ್ ಎನ್ನುತ್ತಾರೆ. ನಮ್ಮ ಸುಗಮ ಸಂಗೀತಕ್ಕಿರುವಂತೆ ಇದಕ್ಕೆ ಕವಿತೆಯ ಆಸರೆಯಿಲ್ಲ. ಒಂದು ಊರು, ಒಂದು ಹೊತ್ತು ಬರೀ ವಾದ್ಯಗಳಲ್ಲೇ ಮೂಡಬೇಕು.

ಅತಿ ಹೆಚ್ಚು ಕೇಳಿದ್ದು ‘ಬೈ ದ ಸ್ಲೀಪಿ ಲಗೂನ್’. 1942ರಲ್ಲಿ ಶುರುವಾದ ಬಿಬಿಸಿ ರೇಡಿಯೊದ ‘ಡೆಸರ್ಟ್ ಐಲ್ಯಾಂಡ್ ಡಿಸ್ಕ್ಸ್’ ಕಾರ್ಯಕ್ರಮದ ಮುನ್ನುಡಿ ಸಂಗೀತ ಇದೇ. ರೇಡಿಯೊದಲ್ಲಿ ಕಡಲಹಕ್ಕಿಗಳ ಕೂಗೂ ಬೆರೆತಿರುತ್ತದೆ. ಸಿಡಿಯಲ್ಲಿ ಹಕ್ಕಿಗಳಿಲ್ಲ. ಮೊದಮೊದಲು ಏನೋ ಕೊರತೆ ಅನ್ನಿಸಿತು. ಬರಬರುತ್ತಾ ಪಿಟೀಲುಗಳ ಕೆಳಗೆ ಮೆಲ್ಲಗೆ ತೂಗುವ ದನಿಗಳು ಕಿವಿಗೆ ಬಿದ್ದವು. ಇದು ಯಾವುದೋ ದೂರದ ದ್ವೀಪದ ಚಿತ್ರವೆಂದೇ ನಂಬಿದ್ದೆ. ನಿಜದಲ್ಲಿ 1930ರಲ್ಲಿ ಕೋಟ್ಸ್ ಇದನ್ನು ಬರೆದದ್ದು ಇಂಗ್ಲೆಂಡಿನದೇ ಸಸೆಕ್ಸಿನ ಸೆಲ್ಸಿ ದಡದಿಂದ ಬೋಗ್ನರ್ ಕಡೆಗೆ ಕಂಡ ಬೇಸಿಗೆಯ ಸಂಜೆಯನ್ನು ನೆನೆದು. ಕಳೆದ ವರ್ಷ ಅಲ್ಲಿಗೆ ಹೋಗಿ ನಿಂತೆ. ಕಾಲಡಿಯಲ್ಲಿ ಮರಳಿನ ಬದಲು ಉರುಟು ಕಲ್ಲುಗಳು. ಅಲೆ ಹಿಂದೆ ಸರಿದಾಗಲೆಲ್ಲ ಗೊರಗೊರನೆ ಉರುಳುತ್ತಿದ್ದವು. ಮಲ್ಪೆಯ ಕಡಲು ನೋಡಿ ಬೆಳೆದ ನನಗೆ ಅದು ತೀರಾ ಸಾಧಾರಣ ದಡ. ಅದನ್ನು ಇಷ್ಟು ಪ್ರೀತಿಯಿಂದ ನೋಡಿದ್ದರಲ್ಲ ಎಂದು ಕಣ್ಣು ತುಂಬಿತು.

1933ರ ‘ಲಂಡನ್ ಸೂಟ್’ ಮೂರು ಭಾಗಗಳದು. ಕೊನೆಯ ‘ನೈಟ್ಸ್‌ಬ್ರಿಜ್’ ನಡೆಗೀತ ಬಂದರೆ ಚಪಾತಿ ಲಟ್ಟಿಸುವ ಕೈ ತಾನಾಗಿ ಚುರುಕಾಗುತ್ತದೆ. ನನಗೆ ಅದಕ್ಕಿಂತ ಪ್ರಿಯ ‘ವೆಸ್ಟ್‌ಮಿನ್ಸ್ಟರ್’: ಸಂಗೀತ ತಣ್ಣಗಾಗುತ್ತಾ ಬಂದು ಕೊನೆಗೆ ಗಡಿಯಾರದ ಗಂಟೆಗಳು ಕೇಳಿಸುತ್ತವೆ. ಕೋಟ್ಸ್ ಮೊದಲು ವಾದ್ಯವೃಂದದಲ್ಲಿ ವಯೋಲಾ (ಪಿಟೀಲಿಗಿಂತ ತುಸು ದೊಡ್ಡದಾದ, ನಡುವಿನ ದನಿಯ ತಂತಿವಾದ್ಯ) ನುಡಿಸುತ್ತಿದ್ದವರು. ನಡುವಿನ ದನಿಗಳಿಗೂ ಅವರು ಒಳ್ಳೆಯ ಕೆಲಸ ಕೊಟ್ಟಿರುವುದಕ್ಕೆ ಅದೇ ಕಾರಣವೆಂದು ನನ್ನ ನಂಬಿಕೆ. ಇದನ್ನು ಹಿನ್ನೆಲೆಗೆ ಹಾಕಿಕೊಳ್ಳುವ ಸಂಗೀತ ಎನ್ನುವವರು ಒಮ್ಮೆ ಹೆಡ್‌ಫೋನ್ ಹಾಕಿ ಕೇಳಲಿ.

ಕೊರತೆಗಳಿವೆ. ಹಳೆಯ ಗ್ರಾಮಫೋನ್ ತಟ್ಟೆಗಳ ಕರಕರ ಸದ್ದು ತೆಗೆಯುವ ಭರದಲ್ಲಿ ಕೆಲವೆಡೆ ಪಿಟೀಲಿನ ಹೊಳಪನ್ನೂ ಒರೆಸಿಬಿಟ್ಟಿದ್ದಾರೆ. ಜೊತೆಗಿನ ಕಿರುಪುಸ್ತಕದ ಅಕ್ಷರ ಓದಲು ಭೂತಗನ್ನಡಿ ಬೇಕು, ಯಾವುದನ್ನು ಯಾವ ವರ್ಷ ಧ್ವನಿಮುದ್ರಿಸಿದರು ಎಂಬ ವಿವರವೂ ಇಲ್ಲ.

ಹೊಸದಾಗಿ ಕೊಳ್ಳುವವರು ಮೊದಲನೆಯ ಸಿಡಿಯ ಅಬ್ಬರದ ನಡೆಗೀತಗಳಿಂದ ಆರಂಭಿಸಬೇಡಿ. ಎರಡನೆಯದನ್ನು ಹಾಕಿ, ದೀಪ ಹಚ್ಚುವ ಹೊತ್ತಿಗೆ, ದನಿ ಸ್ವಲ್ಪ ತಗ್ಗಿಸಿಕೊಂಡು.