ಆಟಿಸಂ ಕೈಪಿಡಿಗಳು: ಬಹುಕಾಲ ಬಳಸಿದ ಮೇಲೆ ಉಳಿದ ಮೆಚ್ಚುಗೆ, ಉಳಿದ ತಕರಾರು

ಸ್ಯಾಲಿ ರೋಜರ್ಸ್, ಜೆರಾಲ್ಡಿನ್ ಡಾಸನ್, ಲಾರಿ ವಿಸ್ಮಾರಾ ಸೇರಿ ಬರೆದ ‘ಆ್ಯನ್ ಅರ್ಲಿ ಸ್ಟಾರ್ಟ್ ಫಾರ್ ಯುವರ್ ಚೈಲ್ಡ್ ವಿತ್ ಆಟಿಸಂ’ (2012) ಪುಸ್ತಕದ ಮಾತು ಬಂದರೆ ಎಲ್ಲರೂ ಅದರ ಹಿಂದಿರುವ, ಆಟ ಮತ್ತು ದಿನನಿತ್ಯದ ಒಡನಾಟದ ಮೂಲಕ ಪುಟ್ಟ ಮಕ್ಕಳಿಗೆ ಕಲಿಸುವ ಡೆನ್ವರ್ ಮಾದರಿಯಿಂದಲೇ ಶುರು ಮಾಡುತ್ತಾರೆ. ದಿನವೂ ಬಳಸುವವರಿಗೆ ಅದಕ್ಕಿಂತ ಹೆಚ್ಚು ಒದಗುವುದು ಅಧ್ಯಾಯದ ಕೊನೆಗೆ ಬರುವ ‘ಫ್ರಿಜ್ ಪಟ್ಟಿ’. ಓದಿದ್ದೆಲ್ಲವನ್ನೂ ಕೆಲವೇ ಸಾಲುಗಳಿಗೆ ಇಳಿಸಿ, ಫ್ರಿಜ್ ಬಾಗಿಲಿಗೆ ಅಂಟಿಸಿಕೊಳ್ಳಿ ಎಂದು ಕೊಟ್ಟಿರುವ ಪಟ್ಟಿ ಅದು. ಪುಸ್ತಕ ಕೊಳ್ಳುವಾಗ ಇದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬಳಸುತ್ತ ಹೋದ ಹಾಗೆ ಉಳಿದ ಪುಟಗಳಿಗಿಂತ ಇದೇ ಹೆಚ್ಚು ಸವೆಯುತ್ತದೆ.

ಪಟ್ಟಿಯನ್ನು ನಕಲು ಯಂತ್ರಕ್ಕೆ ಕೊಡುವುದಕ್ಕಿಂತ ಮನೆಯ ಭಾಷೆಯಲ್ಲಿ ದಪ್ಪ ಅಕ್ಷರದಲ್ಲಿ ಕೈಯಾರೆ ಬರೆದುಕೊಳ್ಳುವುದು ಲೇಸು. ಬರೆಯುವಾಗಲೇ ಅರ್ಧ ತಲೆಗೆ ಹತ್ತುತ್ತದೆ. ಒಮ್ಮೆಗೆ ಒಂದೇ ಪಟ್ಟಿ ಸಾಕು. ಅದನ್ನು ಕೆಲಸ ನಡೆಯುವ ಜಾಗದಲ್ಲೇ, ದೊಡ್ಡವರ ಕಣ್ಣಿನ ಎತ್ತರಕ್ಕೆ ಅಂಟಿಸಬೇಕು: ಬಟ್ಟೆ ಹಾಕುವಾಗ ಬೇಕಾದದ್ದು ಬೀರುವಿನ ಬಾಗಿಲಿಗೆ, ಸ್ನಾನಕ್ಕೆ ಸಂಬಂಧಿಸಿದ್ದು ಪ್ಲಾಸ್ಟಿಕ್ ಹಾಳೆಯೊಳಗೆ ಹಾಕಿ ಬಚ್ಚಲ ಗೋಡೆಗೆ. ಅಜ್ಜಿಯೂ ಅಕ್ಕನೂ ಅಪ್ಪನೂ ಅದನ್ನೇ ನೋಡಿ ಮಗುವಿನ ಜೊತೆ ಒಂದೇ ರೀತಿ ನಡೆದುಕೊಳ್ಳಲು ಸಾಧ್ಯವಾಗುವುದು ಇದರಿಂದಲೇ. ಎಲ್ಲರೂ ಪಟ್ಟಿ ನೋಡದೆಯೇ ಹಾಗೆ ನಡೆದುಕೊಳ್ಳುವವರೆಗೆ ಮುಂದಿನದನ್ನು ತರಬೇಡಿ.

ಇದೇ ಪುಸ್ತಕದ ಇನ್ನೊಂದು ಚಿನ್ನದಂಥ ಭಾಗ, ಆಟವನ್ನು ನಾಲ್ಕು ಹಂತಗಳಲ್ಲಿ ಕಟ್ಟುವ ಕ್ರಮ: ತಯಾರಿ, ಮೂಲ ಆಟ, ಬದಲಾವಣೆ, ಮುಕ್ತಾಯ. ಸೋಪಿನ ಗುಳ್ಳೆ ಊದುವ ಆಟ ತೆಗೆದುಕೊಳ್ಳಿ. ಸೀಸೆ ತೋರಿಸಿ ಮುಚ್ಚಳ ಬಿಚ್ಚುವುದು ತಯಾರಿ. ಊದುವುದು, ಒಡೆಯುವುದು ಮೂಲ ಆಟ. ಅದು ಒಂದಷ್ಟು ಸಲ ನಡೆದು ಇಬ್ಬರಿಗೂ ಹಿಡಿತ ಸಿಕ್ಕ ಮೇಲೆ ಒಂದೇ ಒಂದು ಬದಲಾವಣೆ: ಕೈಯ ಬದಲು ಕಾಲಲ್ಲಿ ಒಡೆಯುವುದೋ, ಕಡ್ಡಿಯ ಮೇಲೆ ಗುಳ್ಳೆ ಹಿಡಿಯುವುದೋ. ಮುಚ್ಚಳ ಹಾಕಿ ಡಬ್ಬಿಯಲ್ಲಿಡುವುದು ಮುಕ್ತಾಯ. ಹೆಚ್ಚಿನವರು ಎಡವುವುದು ಎರಡು ಕಡೆ. ಮೂಲ ಆಟ ಕೂರುವ ಮೊದಲೇ ಬದಲಾವಣೆ ತಂದರೆ ಮಗು ಎದ್ದು ಹೋಗುತ್ತದೆ. ಮಗು ಎದ್ದು ಹೋಗುವವರೆಗೆ ಆಡಿಸುತ್ತಲೇ ಇದ್ದರೆ ಮುಕ್ತಾಯ ಎಂಬುದೇ ಇಲ್ಲವಾಗಿ, ಒಂದು ಚಟುವಟಿಕೆಯಿಂದ ಇನ್ನೊಂದಕ್ಕೆ ಹೋಗುವ ಅಭ್ಯಾಸ ಕೈತಪ್ಪುತ್ತದೆ. ಆಸಕ್ತಿ ಇಳಿಯುವ ಮೊದಲ ಸುಳಿವು ಕಂಡಾಗಲೇ, ಉದಾಹರಣೆಗೆ ಕಣ್ಣು ಬೇರೆಡೆ ಹೊರಳಿದಾಗ, ಮುಚ್ಚಳವನ್ನು ಮಗುವಿನ ಕೈಗೆ ಕೊಡಬೇಕು.

ಮಾತಿನ ಅಳತೆಯ ನಿಯಮವೂ ಅಷ್ಟೇ ಉಪಯುಕ್ತ. ಮಗು ಒಂದು ಪದ ಆಡುತ್ತಿದ್ದರೆ ನಿಮ್ಮದು ಎರಡು ಪದ, ಎರಡಾಡುತ್ತಿದ್ದರೆ ಮೂರು. ಇನ್ನೂ ಮಾತು ಬಾರದ ಮಗುವಿಗೆ ಒಂದೊಂದೇ ಪದ. ಓದಲು ಸುಲಭ, ಪಾಲಿಸಲು ಕಷ್ಟ. ದೊಡ್ಡವರಿಗೆ ಮೌನ ಸಹಿಸುವುದಿಲ್ಲವಾದ್ದರಿಂದ ವಾಕ್ಯ ತಾನಾಗಿ ಉದ್ದವಾಗುತ್ತದೆ. ಫೋನಿನಲ್ಲಿ ಎರಡು ನಿಮಿಷ ರೆಕಾರ್ಡ್ ಮಾಡಿ ಕೇಳಿಸಿಕೊಂಡರೆ ಎಲ್ಲಿ ಉದ್ದವಾಯಿತೆಂದು ತಕ್ಷಣ ಗೊತ್ತಾಗುತ್ತದೆ.

ಪುಸ್ತಕದ ಮಿತಿ ಹೇಳಿಬಿಡುತ್ತೇನೆ: ಇದು ಶಾಲೆಗೆ ಸೇರುವ ಮೊದಲಿನ ವಯಸ್ಸಿನ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಹತ್ತು ವರ್ಷದ ಮಗುವಿಗೆ ಕೊಂಡರೆ ನಿರಾಸೆಯಾಗುತ್ತದೆ.

ಹ್ಯಾನನ್ ಸೆಂಟರ್ ಪ್ರಕಟಿಸಿದ, ಫರ್ನ್ ಸಸ್ಮನ್ ಅವರ ‘ಮೋರ್ ದ್ಯಾನ್ ವರ್ಡ್ಸ್’ ಇದರ ಪಕ್ಕದಲ್ಲೇ ಇರಬೇಕಾದ ಪುಸ್ತಕ. ಮೊದಲು ಬಂದದ್ದು 1999ರಲ್ಲಿ. ಸಂವಹನದ ನಾಲ್ಕು ಹಂತಗಳನ್ನು ಅದು ಹೇಳುತ್ತದೆ: ತನ್ನ ಪಾಡಿಗೆ ತಾನಿರುವ ಮಗು, ಬೇಕಾದದ್ದನ್ನು ಕೇಳುವ ಮಗು, ಸಂವಹನ ಆರಂಭಿಸಿದ ಮಗು, ಮಾತುಕತೆಯಲ್ಲಿ ಜೊತೆಗಾರನಾದ ಮಗು. ಹಂತ ಗುರುತಿಸುವ ಭಾಗವನ್ನು ಹಾರಿಸಿ ನೇರ ಸಲಹೆಗಳಿಗೆ ಹೋಗುವವರೇ ಹೆಚ್ಚು, ಸಲಹೆ ಫಲಿಸದಿರುವುದಕ್ಕೆ ಕಾರಣವೂ ಅಲ್ಲೇ ಇರುತ್ತದೆ. ದೊಡ್ಡವರ ಕೈ ಹಿಡಿದೆಳೆದು ಬೇಕಾದದ್ದರ ಬಳಿ ಒಯ್ಯುವ ಮಗುವಿಗೆ ‘ಇದರ ಹೆಸರೇನು’ ಎಂದು ಕೇಳುವುದು ಎರಡು ಹಂತ ಮುಂದಿನ ಕೆಲಸ. ಚಿತ್ರಗಳು ಹೇರಳವಾಗಿರುವುದರಿಂದ ಇಂಗ್ಲಿಷ್ ಅಷ್ಟಾಗಿ ಬಾರದವರೂ ಕೂತು ನೋಡಬಹುದು.

ಇನ್ನು ತಕರಾರಿಗೆ ಬರುತ್ತೇನೆ. ಅದು ಈ ಎರಡು ಪುಸ್ತಕಗಳ ಮೇಲಿನದ್ದಲ್ಲ, ಇಡೀ ಕಪಾಟಿನ ಮೇಲಿನದ್ದು. ಮಗುವಿಗೆ ಸಹಾಯ ಕೊಡುವುದು ಹೇಗೆಂದು ಕೈಪಿಡಿಗಳು ಪುಟಗಟ್ಟಲೆ ಹೇಳುತ್ತವೆ. ಕೊಟ್ಟ ಸಹಾಯವನ್ನು ಹಿಂದಕ್ಕೆ ತೆಗೆಯುವುದು ಹೇಗೆಂಬುದಕ್ಕೆ ಬಹುಪಾಲು ಪುಸ್ತಕಗಳಲ್ಲಿ ಒಂದೆರಡು ವಾಕ್ಯ ಸಿಕ್ಕರೆ ಹೆಚ್ಚು. ‘ಕ್ರಮೇಣ ಪ್ರಾಂಪ್ಟ್ (ಮಗುವಿಗೆ ಕೊಡುವ ಸುಳಿವು, ನೆರವು) ಕಡಿಮೆ ಮಾಡಿ’ ಎಂದು ಬರೆದು ಮುಂದಿನ ಅಧ್ಯಾಯಕ್ಕೆ ಹೋಗಿಬಿಡುತ್ತವೆ. ಇದು ಸಣ್ಣ ಕೊರತೆಯಲ್ಲ. ‘ತೊಳಿ’ ಎಂದು ಯಾರಾದರೂ ಹೇಳುವವರೆಗೆ ನಲ್ಲಿಯ ಮುಂದೆ ಸುಮ್ಮನೆ ನಿಂತಿರುವ ಮಗುವಿಗೆ ಕೈ ತೊಳೆಯಲು ಬರುವುದಿಲ್ಲ ಎಂದುಕೊಳ್ಳುತ್ತೇವೆ. ಅದಕ್ಕೆ ಪೂರ್ತಿ ಬರುತ್ತದೆ. ಆ ಮಗುವಿನ ಪಾಲಿಗೆ ‘ತೊಳಿ’ ಎಂಬ ಮಾತೂ ಕೈ ತೊಳೆಯುವುದರ ಒಂದು ಮೆಟ್ಟಿಲಾಗಿದೆ, ಅಷ್ಟೇ.

ಪುಸ್ತಕಗಳು ಬಿಟ್ಟಿರುವುದನ್ನು ಇಲ್ಲೇ ಬರೆಯುತ್ತೇನೆ, ಅಂಚಿನಲ್ಲಿ ಗುರುತು ಮಾಡಿಕೊಳ್ಳಿ. ಕೈ ತೊಳೆಯುವುದನ್ನು ಏಳು ಮೆಟ್ಟಿಲಾಗಿ ಒಡೆಯಿರಿ: ನಲ್ಲಿ ತಿರುಗಿಸು, ಕೈ ಒದ್ದೆ ಮಾಡು, ಸೋಪು ಹಚ್ಚು, ಉಜ್ಜು, ತೊಳಿ, ನಲ್ಲಿ ನಿಲ್ಲಿಸು, ಒರೆಸು. ಇದೆಲ್ಲ ನಿಮ್ಮ ಕಾಗದದಲ್ಲಿರಲಿ, ಬಾಯಲ್ಲಿ ಬೇಡ. ಮಗುವಿನ ಎದುರು ನಿಲ್ಲದೆ ಹಿಂದೆ ನಿಂತು, ಮಾತಿಲ್ಲದೆ, ಅದರ ಕೈಯ ಮೇಲೆ ಕೈಯಿಟ್ಟು ಆರು ಮೆಟ್ಟಿಲು ಮಾಡಿಸಿ. ಕೊನೆಯದನ್ನು, ಅಂದರೆ ಒರೆಸುವುದನ್ನು, ಮಗುವಿಗೆ ಬಿಡಿ. ಅದು ಸ್ವತಂತ್ರವಾಗಿ ನಡೆಯತೊಡಗಿದಾಗ ನಲ್ಲಿ ನಿಲ್ಲಿಸುವುದನ್ನೂ ಬಿಡಿ. ಹೀಗೆ ಹಿಂದಿನಿಂದ ಮುಂದಕ್ಕೆ ಬರುವುದರಿಂದ ಕೆಲಸ ಮುಗಿಸಿದ ಖುಷಿ ಪ್ರತಿಸಲವೂ ಮಗುವಿಗೇ ಸಿಗುತ್ತದೆ. ಸ್ಪರ್ಶವನ್ನೂ ಇದೇ ರೀತಿ ಹಿಂತೆಗೆಯಬೇಕು: ಬೆರಳಿನ ಮೇಲಿದ್ದ ಕೈ ಮಣಿಕಟ್ಟಿಗೆ, ಅಲ್ಲಿಂದ ಮೊಣಕೈಗೆ, ಭುಜಕ್ಕೆ, ಆಮೇಲೆ ಬರೀ ಹಿಂದೆ ನಿಲ್ಲುವುದು, ಆಮೇಲೆ ಬಾಗಿಲ ಬಳಿ. ಕೈ ಹಿಡಿದು ಮಾಡಿಸುವುದನ್ನು ಮಗು ಪ್ರತಿರೋಧಿಸಿದರೆ, ಕೈ ಎಳೆದುಕೊಂಡರೆ, ಅಲ್ಲಿಗೇ ಬಿಟ್ಟು ಮಾಡಿ ತೋರಿಸುವ ದಾರಿ ಹಿಡಿಯಿರಿ. ಬಲವಂತಕ್ಕೆ ಇಲ್ಲಿ ಜಾಗವಿಲ್ಲ.

ಎಲ್ಲಕ್ಕಿಂತ ಕಷ್ಟವಾಗಿ ಬಿಡಿಸಬೇಕಾದದ್ದು ಮಾತಿನ ಪ್ರಾಂಪ್ಟ್. ಕೈ ತೆಗೆದದ್ದು ನಮಗೆ ಗೊತ್ತಾಗುತ್ತದೆ, ಬಾಯಿ ಮುಚ್ಚಿದ್ದೇವೋ ಇಲ್ಲವೋ ಗೊತ್ತಾಗುವುದಿಲ್ಲ. ‘ಹ್ಞೂಂ’ ಎನ್ನುವುದು, ಸರಿಯಾದ ಚಿತ್ರದ ಕಾರ್ಡಿನ ಕಡೆ ಕಣ್ಣು ಹಾಯಿಸುವುದು, ಬೇಕಾದ ವಸ್ತುವನ್ನು ತುಸು ಮುಂದೆ ಇಡುವುದು ಇವೂ ಪ್ರಾಂಪ್ಟೇ. ಎರಡು ಕಾರ್ಡುಗಳಲ್ಲಿ ಆರಿಸುವುದನ್ನು ಕಲಿಸುವಾಗ ಸರಿಯುತ್ತರ ಸದಾ ಬಲಗಡೆಯೇ ಇದ್ದರೆ ಮಗು ಚಿತ್ರ ಬಿಟ್ಟು ಬಲಗಡೆಯನ್ನು ಕಲಿಯುತ್ತದೆ. ಇದನ್ನು ತಪ್ಪಿಸಲು ಜಾಗ ಬದಲಿಸುತ್ತಿರಿ, ಕಾಯುವ ಹೊತ್ತನ್ನೂ ಹಂತಹಂತವಾಗಿ ಹೆಚ್ಚಿಸಿ: ಮೊದಲಿಗೆ ತಕ್ಷಣ ಸಹಾಯ, ಆಮೇಲೆ ಎರಡು ಸೆಕೆಂಡ್ ಕಾದು, ಆಮೇಲೆ ನಾಲ್ಕು, ಆಮೇಲೆ ಆರು. ಮನಸ್ಸಿನಲ್ಲಿ ಎಣಿಸಿ, ತುಟಿ ಅಲ್ಲಾಡಬಾರದು.

ಈ ಒಂದು ವಿಷಯದಲ್ಲಿ ಮಿಕ್ಕೆಲ್ಲವನ್ನೂ ಮೀರಿಸುವುದು ಆ್ಯಂಡಿ ಬಾಂಡಿ ಮತ್ತು ಲೋರಿ ಫ್ರಾಸ್ಟ್ ಅವರ ಪೆಕ್ಸ್ ಕೈಪಿಡಿ. 1985ರಲ್ಲಿ ಅವರು ರೂಪಿಸಿದ ಚಿತ್ರ ವಿನಿಮಯ ಪದ್ಧತಿಗೆ ಆರು ಹಂತ. ಮೊದಲ ಹಂತಕ್ಕೇ ಇಬ್ಬರು ದೊಡ್ಡವರು ಬೇಕು: ಮಗುವಿಗೆ ಬೇಕಾದ ವಸ್ತು ಹಿಡಿದು ಎದುರು ಕೂರುವವರೊಬ್ಬರು, ಹಿಂದೆ ಕೂತು ಕೈಗೆ ನೆರವಾಗುವವರೊಬ್ಬರು. ಕಾರ್ಡ್ ಎತ್ತುವುದು, ಚಾಚುವುದು, ಕೈಗೆ ಬಿಡುವುದು ಎಂಬ ಮೂರು ಚಲನೆಗಳಲ್ಲಿ ಸಹಾಯವನ್ನು ಕೊನೆಯದರಿಂದ ತೆಗೆಯುತ್ತ ಬರಬೇಕು. ‘ಏನು ಬೇಕು?’ ಎಂದು ಆ ಹಂತದಲ್ಲಿ ಕೇಳುವಂತಿಲ್ಲ. ಕೇಳಿದರೆ ಮಗು ಮುಂದೆಯೂ ಪ್ರಶ್ನೆಗಾಗಿ ಕಾಯುತ್ತದೆ. ತಾನಾಗಿ ಕೇಳುವುದನ್ನು ಮೊದಲು ಕಲಿಸಿ, ಪ್ರಶ್ನೆಗೆ ಉತ್ತರಿಸುವುದನ್ನು ಐದನೇ ಹಂತಕ್ಕೆ ಇಟ್ಟಿರುವುದರಲ್ಲೇ ಆ ಪದ್ಧತಿಯ ಜಾಣ್ಮೆ ಕಾಣುತ್ತದೆ. ಒಬ್ಬರೇ ಇರುವ ಮನೆಯಲ್ಲಿ ಮೊದಲ ಹಂತಕ್ಕೆ ನೆರೆಯವರನ್ನಾದರೂ ಕರೆಯಿರಿ. ಒಬ್ಬರೇ ಎರಡೂ ಕೆಲಸ ಮಾಡಿದರೆ ನಂಟು ಕಾರ್ಡಿನ ಮೂಲಕ ಎದುರಿನವರ ಜೊತೆ ಬೆಳೆಯುವುದೇ ಇಲ್ಲ.

ಕಾರ್ಡ್ ಮಾಡಿಕೊಳ್ಳುವವರಿಗೆ: ಸುಮಾರು 5 ಸೆಂಟಿಮೀಟರ್ ಚೌಕ ಸಣ್ಣ ಕೈಗೆ ಸರಿಹೋಗುತ್ತದೆ. ಹೊಳಪಿನ ಲ್ಯಾಮಿನೇಷನ್ ದೀಪದಡಿ ಪ್ರತಿಫಲಿಸಿ ಚಿತ್ರವನ್ನೇ ಮರೆಮಾಡುತ್ತದೆ, ಹೊಳಪಿಲ್ಲದ ಹಾಳೆ ಕೇಳಿ. ಮೂಲೆಗಳನ್ನು ದುಂಡಗೆ ಕತ್ತರಿಸಿ. ವೆಲ್ಕ್ರೋದ ಮೆತ್ತನೆ ಭಾಗ ಎಲ್ಲ ಕಾರ್ಡಿಗೂ, ಒರಟು ಭಾಗ ಎಲ್ಲ ಹಲಗೆಗೂ. ಇದು ಒಮ್ಮೆ ಅದಲುಬದಲಾದರೆ ಶಾಲೆಯ ಕಾರ್ಡು ಮನೆಯ ಹಲಗೆಗೆ ಅಂಟುವುದಿಲ್ಲ.

ಸಹಾಯ ಹಿಂತೆಗೆಯಿರಿ ಎಂದಾಗ ಏನನ್ನು ಎಂಬುದು ಸ್ಪಷ್ಟವಿರಬೇಕು. ಹಿಂತೆಗೆಯಬೇಕಾದದ್ದು ದೊಡ್ಡವರ ಕೈ, ಬಾಯಿ, ಕಣ್ಣು. ಚಿತ್ರದ ವೇಳಾಪಟ್ಟಿ, ಸಂವಹನ ಕಾರ್ಡು, ಶಬ್ದ ತಡೆಯುವ ಹೆಡ್‌ಫೋನು ಮಗುವಿನ ಸ್ವತ್ತು. ಮಾತು ಬಂತೆಂದು ಕಾರ್ಡು ಕಿತ್ತುಕೊಳ್ಳಲು ಹೇಳುವ ಪುಸ್ತಕವನ್ನು ಮುಚ್ಚಿಡಿ. ಕಾರ್ಡು, ಸಾಧನಗಳು ಮಾತನ್ನು ತಡೆಯುತ್ತವೆ ಎಂಬ ಭಯಕ್ಕೆ ಸಂಶೋಧನೆಯ ಬೆಂಬಲವಿಲ್ಲ. ದಣಿದಾಗ, ಗದ್ದಲದಲ್ಲಿ, ಕಾಯಿಲೆ ಬಿದ್ದಾಗ ಮಾತಾಡುವ ಮಗುವಿಗೂ ಕಾರ್ಡು ಬೇಕಾಗುತ್ತದೆ. ವೇಳಾಪಟ್ಟಿ ಗೋಡೆಯ ಮೇಲೇ ಇರಲಿ, ಅದನ್ನು ಬೊಟ್ಟು ಮಾಡಿ ತೋರಿಸುವ ನಿಮ್ಮ ಬೆರಳು ಮಾತ್ರ ಹೋಗಲಿ.

ಕ್ಯಾರಲ್ ಗ್ರೇ 1991ರಲ್ಲಿ ಆರಂಭಿಸಿದ ಸೋಶಿಯಲ್ ಸ್ಟೋರಿಗಳ, ಅಂದರೆ ಒಂದು ಸನ್ನಿವೇಶ ಹೇಗಿರುತ್ತದೆಂದು ಮಗುವಿಗೆ ತಿಳಿಸುವ ಪುಟ್ಟ ಕಥೆಗಳ, ವಿಷಯದಲ್ಲಿ ನನ್ನ ಮನಸ್ಸು ಹುಳಿಯಾಗಿರುವುದು ಮೂಲದ ಬಗ್ಗೆ ಅಲ್ಲ, ಅದರ ಹೆಸರಿನಲ್ಲಿ ಬರುತ್ತಿರುವ ಅನುಕರಣೆಗಳ ಬಗ್ಗೆ. ಮೂಲದ ನಿಯಮದಲ್ಲಿ ವಿವರಿಸುವ ವಾಕ್ಯಗಳು ಹೀಗೆ ಮಾಡು ಎನ್ನುವ ವಾಕ್ಯಗಳಿಗಿಂತ ಕನಿಷ್ಠ ಎರಡು ಪಟ್ಟು ಇರಬೇಕು. ‘ಕ್ಷೌರದಂಗಡಿಯಲ್ಲಿ ಯಂತ್ರ ಗುಂಯ್ ಎನ್ನುತ್ತದೆ. ಅದು ಕೂದಲು ಕತ್ತರಿಸುವ ಸದ್ದು. ಕತ್ತರಿಸಿದ ಮೇಲೆ ಸದ್ದು ನಿಲ್ಲುತ್ತದೆ. ನಾನು ಕಿವಿಗೆ ಕೈ ಮುಚ್ಚಿಕೊಳ್ಳಬಹುದು.’ ಮೂರು ವಿವರಣೆ, ಒಂದು ದಾರಿ. ಅನುಕರಣೆಯ ಪುಸ್ತಕಗಳಲ್ಲಿ ‘ನಾನು ಕಿರುಚುವುದಿಲ್ಲ, ನಾನು ಓಡುವುದಿಲ್ಲ, ನಾನು ಒಳ್ಳೆಯ ಮಗು’ ಎಂದು ಪುಟ ತುಂಬಿರುತ್ತದೆ. ಅದು ಚಿತ್ರ ಹಾಕಿದ ಗದರಿಕೆ. ಗಲಾಟೆ ಆದ ಮೇಲೆ ಓದಿಸಿದರೆ ಒಳ್ಳೆಯ ಕಥೆಯೂ ಶಿಕ್ಷೆಯಾಗುತ್ತದೆ. ಶಾಂತವಾಗಿರುವಾಗ, ಘಟನೆಗೆ ಮೊದಲೇ ಓದಬೇಕು. ಚೆನ್ನಾಗಿ ಮಾಡಿದ ಕೆಲಸವನ್ನು ಮೆಚ್ಚುವ ಕಥೆಗಳೂ ಬೇಕೆಂದು ಗ್ರೇ ಒತ್ತಿ ಹೇಳುತ್ತಾರೆ, ಅದನ್ನು ಅನುಕರಿಸಿದವರು ಕಡಿಮೆ.

ಹಳೆಯ ಪುಸ್ತಕ ಸಿಕ್ಕರೆ ಪ್ರಕಟಣೆಯ ವರ್ಷ ನೋಡಿ. ಮಾನಸಿಕ ರೋಗನಿರ್ಣಯಕ್ಕೆ ಬಳಸುವ ಅಮೆರಿಕದ ಕೈಪಿಡಿಯಾದ 2013ರ ಡಿಎಸ್‌ಎಂ-5ರಲ್ಲಿ ಆ್ಯಸ್ಪರ್ಜರ್ ಎಂಬ ಪ್ರತ್ಯೇಕ ರೋಗನಿರ್ಣಯ ಆಟಿಸಂ ಸ್ಪೆಕ್ಟ್ರಂನೊಳಗೆ ಸೇರಿತು, ಆದ್ದರಿಂದ ಅದಕ್ಕೆ ಮೊದಲಿನವುಗಳ ಹೆಸರು ಬೇರೆಯಿದ್ದರೂ ಸಲಹೆ ಉಪಯುಕ್ತವಿರಬಹುದು. ತಾಯಿಯ ತಣ್ಣನೆಯ ಸ್ವಭಾವ ಕಾರಣ ಎನ್ನುವುದನ್ನು, ಲಸಿಕೆಯನ್ನು ದೂರುವುದನ್ನು, ದೇಹದಿಂದ ಲೋಹ ತೆಗೆಯುವ ಕೀಲೇಷನ್ ಮಾಡಿಸಿ ಎನ್ನುವುದನ್ನು ಮನೆಗೇ ತರಬೇಡಿ. ಲಸಿಕೆಯ ದೂರಿಗೆ ಬೀಜ ಹಾಕಿದ 1998ರ ಪ್ರಬಂಧವನ್ನು ಲ್ಯಾನ್ಸೆಟ್ ಪತ್ರಿಕೆಯೇ 2010ರಲ್ಲಿ ಹಿಂಪಡೆಯಿತು. ಕೀಲೇಷನ್ ಜೀವಕ್ಕೇ ಅಪಾಯ.

ಒಂದೇ ಪುಸ್ತಕಕ್ಕೆ ಹಣವಿದ್ದರೆ: ಐದು ವರ್ಷದೊಳಗಿನ ಮಗುವಿಗೆ ರೋಜರ್ಸ್ ತಂಡದ್ದು. ಮಾತಿಲ್ಲದ, ಅದಕ್ಕಿಂತ ದೊಡ್ಡ ಮಗುವಿಗೆ ಪೆಕ್ಸ್ ಕೈಪಿಡಿ, ಸಾಧ್ಯವಾದರೆ ವಾಕ್ ಚಿಕಿತ್ಸಕರ ಜೊತೆ ಕೂತು. ಹಣವೇ ಇಲ್ಲದಿದ್ದರೆ ವಿಶ್ವ ಆರೋಗ್ಯ ಸಂಸ್ಥೆಯ ಪೋಷಕರ ಕೌಶಲ ತರಬೇತಿಯ ಸಾಮಗ್ರಿ ಉಚಿತವಾಗಿ ಸಿಗುತ್ತದೆ. ಒಂಬತ್ತು ಗುಂಪು ಅಧಿವೇಶನ, ಮೂರು ಮನೆ ಭೇಟಿಗಳಿಗೆ ಹೊಂದಿಸಿದ ಕ್ರಮ ಅದು. ಇ-ಪುಸ್ತಕಕ್ಕಿಂತ ಮುದ್ರಿತ ಪ್ರತಿಯೇ ಇರಲಿ. ಅಂಚಿನಲ್ಲಿ ಬರೆದುಕೊಳ್ಳುವುದು ಬಹಳವಿದೆ, ಗುರುತು ಹಾಕುವ ಕೋಷ್ಟಕಗಳೂ ಫೋನಿನ ಪರದೆಯಲ್ಲಿ ಅಡ್ಡಾದಿಡ್ಡಿ ಒಡೆದುಹೋಗುತ್ತವೆ.